ಆರುನೂರ ಎಂಟು ಇಂಚಿನ ಪರದೆ

ನನ್ನ ಅಕ್ಕನಿಗೆ ಮಾತು ಬರುವುದಿಲ್ಲ ಎಂದರೆ ನಮ್ಮ ಬೀದಿಯಲ್ಲಿ ಯಾರೂ ನಂಬುವುದಿಲ್ಲ. ಬೆಳಗ್ಗೆ ಅಂಗಡಿಯ ಷಟರ್ ಎತ್ತಿದಾಗಿನಿಂದ ಸಂಜೆ ಇಳಿಸುವವರೆಗೆ ಅವಳ ಬಾಯಿಗೆ ಬಿಡುವೇ ಇಲ್ಲ. ಆದರೆ ಆ ಬಾಯಿಂದ ಬರುವುದೆಲ್ಲ ಬರೀ ಅಳತೆ. ಕಿಟಕಿ ಎಷ್ಟು ಉದ್ದ, ಎಷ್ಟು ಅಗಲ, ಕೆಳಗೆ ಎಷ್ಟು ಬಿಡಬೇಕು, ಮೇಲೆ ಎಷ್ಟು ಮಡಿಸಬೇಕು. ಮನಸ್ಸಿನಲ್ಲಿರುವುದನ್ನು ಹೇಳು ಎಂದರೆ ಮಾತ್ರ ಬಟ್ಟೆ ಮಡಿಸಲು ಎದ್ದುಹೋಗುತ್ತಾಳೆ. ನಾನು ಅವಳಿಗೆ ತದ್ವಿರುದ್ಧ. ಮನಸ್ಸಿನಲ್ಲಿರುವುದು, ಇಲ್ಲದ್ದು, ನಾಳೆ ಬಂದರೂ ಬರಬಹುದಾದದ್ದು, ಎಲ್ಲವನ್ನೂ ಇವತ್ತೇ ಹೇಳಿ ಕೈತೊಳೆದುಕೊಳ್ಳುವವಳು. ಆದ್ದರಿಂದ ಅವಳ ಕಥೆಯನ್ನು ನಾನೇ ಹೇಳಬೇಕು. ಅವಳಿಗೆ ಬಿಟ್ಟರೆ "ಉದ್ದ ಅರವತ್ತು, ಮಡಿಕೆ ಎಂಟು" ಎಂದು ಮುಗಿಸಿಬಿಡುತ್ತಾಳೆ.

ನಮ್ಮದು ಪರದೆ ಹೊಲಿಯುವ ಅಂಗಡಿ. ಮುಂದಿನ ಕೋಣೆಯಲ್ಲಿ ಅಕ್ಕನ ಕೌಂಟರು, ಅದರ ಪಕ್ಕದಲ್ಲಿ ನನ್ನ ಹೊಲಿಗೆ ಯಂತ್ರ. ಹಿಂದಿನ ಕೋಣೆಯಲ್ಲಿ ಕಟಿಂಗ್ ಮಾಸ್ಟರ್. ನಡುವಿನ ಗೋಡೆಯಲ್ಲಿ ಒಂದು ಕಿಂಡಿ. ಅಕ್ಕ ಅಳತೆಯ ಚೀಟಿಯನ್ನು ಆ ಕಿಂಡಿಯೊಳಗೆ ತೂರಿಸುತ್ತಾಳೆ, ಮಾಸ್ಟರ್ ಕತ್ತರಿಸಿದ ಬಟ್ಟೆಯನ್ನು ಅದೇ ಕಿಂಡಿಯಿಂದ ನನ್ನ ಕಡೆ ತಳ್ಳುತ್ತಾರೆ, ನಾನು ಎಳೆದುಕೊಂಡು ಹೊಲಿಯುತ್ತೇನೆ. ಇಷ್ಟೇ ನಮ್ಮ ಕಾರ್ಖಾನೆ.

ಜನ ಅಳತೆ ಹೇಳುವ ಚೆಂದವನ್ನು ನೀವು ಕೇಳಬೇಕು. ಇಂಚುಪಟ್ಟಿ ಹಿಡಿದು ಅಳೆದು ಬರುವವರು ಅಪರೂಪಕ್ಕೆ ಒಬ್ಬರು. ಉಳಿದವರೆಲ್ಲ ಕೈ ಬೀಸಿಕೊಂಡು ಬಂದು, ಆ ಕೈಯನ್ನೇ ಗಾಳಿಯಲ್ಲಿ ಅಗಲಿಸಿ ತೋರಿಸುವವರು. ಒಬ್ಬಾಕೆ ಬಂದು, "ನಮ್ಮನೆಯವ್ರು ಕೈ ಎತ್ತಿದ್ರೆ ಕಿಟಕಿ ಮೇಲ್ಗಡೆಗೆ ಮುಟ್ಟುತ್ತೆ" ಎನ್ನುತ್ತಾಳೆ. ಅಕ್ಕ ಮುಖ ಕೂಡ ಎತ್ತದೆ, "ನಿಮ್ಮನೆಯವ್ರು ಈ ಷಟರ್ ಕೆಳಗೆ ಬರೋವಾಗ ತಲೆ ಬಗ್ಗಿಸ್ತಾರಾ?" ಎಂದು ಕೇಳುತ್ತಾಳೆ. ಹೌದು ಎಂದ ಕೂಡಲೇ ಅಂಕಿ ಬರೆದಾಯಿತು. ಇನ್ನೊಬ್ಬರದು "ಫ್ರಿಜ್ಜಿಗಿಂತ ಒಂದು ಗೇಣು ಗಿಡ್ಡ". ಮತ್ತೊಬ್ಬರದು "ಮಾಮೂಲಿ ಕಿಟಕಿ ಇರುತ್ತಲ್ಲ, ಅಷ್ಟು". ನನಗಾದರೆ ಅವರನ್ನು ಇಂಚುಪಟ್ಟಿಯಲ್ಲೇ ಕಟ್ಟಿಹಾಕುವಷ್ಟು ಕೋಪ ಬರುತ್ತದೆ. ಅಕ್ಕ ಮಾತ್ರ ಕೇಳುತ್ತಾಳೆ, ಮತ್ತೆ ಕೇಳುತ್ತಾಳೆ, ಅವರ ಬಾಯಿಂದ ಬಂದ ಮಾತನ್ನೆಲ್ಲ ಇಂಚು ಮಾಡಿ ಚೀಟಿಗಿಳಿಸುತ್ತಾಳೆ.

ಇನ್ನು ಮಾಸ್ಟರ್. ಅರವತ್ತರ ಹತ್ತಿರದ ಮನುಷ್ಯ, ಹೆಂಡತಿ ತೀರಿಕೊಂಡು ಬಹಳ ಕಾಲವಾಗಿದೆ, ಮಕ್ಕಳಿಲ್ಲ. ಅಳೆದು ತೂಗಿ ಮಾತಾಡುವವರು ಅನ್ನೋಣವೆಂದರೆ ಅಳೆಯುವುದು ತೂಗುವುದರಲ್ಲೇ ದಿನ ಕಳೆದುಹೋಗುತ್ತದೆ, ಮಾತು ಬರುವುದೇ ಇಲ್ಲ. ಅವರ ಮೇಜಿನ ಅಂಚಿಗೆ ಇಂಚು ಇಂಚಿಗೂ ಒಂದು ಹಿತ್ತಾಳೆ ಮೊಳೆ. ಹೆಬ್ಬೆರಳಿನಿಂದ ಮೊಳೆ ಸವರುತ್ತ ಬಟ್ಟೆ ಅಳೆಯುತ್ತಾರೆ. ಕಣ್ಣು ಮುಚ್ಚಿಕೊಂಡು ಕತ್ತರಿಸಿದರೂ ಅಂಚು ನೆಟ್ಟಗೆ ಬರುತ್ತದೆ.

ಒಂದು ಸಲ ಅವರು ಚೀಟಿಯ ಅಳತೆ ವಿಪರೀತ ಉದ್ದವಾಯಿತೆಂದು ತಾವೇ ತಿದ್ದಿ ಕತ್ತರಿಸಿದ್ದರು. ಆ ಮನೆಯ ಕಿಟಕಿ ನಿಜವಾಗಿಯೂ ಅಷ್ಟು ಉದ್ದವಿತ್ತು. ಅವತ್ತು ಅಕ್ಕ ಗ್ರಾಹಕರ ಎದುರಿಗೇ ಹೇಳಿದಳು: "ಮಾಸ್ಟರೇ, ಕೇಳೋದು ನನ್ನ ಕೆಲಸ, ಕತ್ತರಿಸೋದು ನಿಮ್ಮ ಕೆಲಸ. ಚೀಟಿಲಿ ಏನಿದೆಯೋ ಅಷ್ಟೇ ಕತ್ತರಿಸಿ." ಅವರು ತಲೆಯಾಡಿಸಿದರು. ಅಂದಿನಿಂದ ಅದೇ ನಮ್ಮ ಅಂಗಡಿಯ ಕಾನೂನು. ಚೀಟಿಯಲ್ಲಿ ಊರಗಲ ಎಂದು ಬರೆದಿದ್ದರೂ ಆ ಮನುಷ್ಯ ಊರಗಲ ಕತ್ತರಿಸಿ ಕಿಂಡಿಯಲ್ಲಿ ತಳ್ಳುತ್ತಿದ್ದರು.

ಅಕ್ಕನಿಗೆ ಅವರ ಮೇಲೆ ಮನಸ್ಸಿತ್ತು. ಅವಳು ಹೇಳಲಿಲ್ಲ, ನಾನು ಕಂಡುಹಿಡಿದೆ. ಅಂಗಡಿಯಲ್ಲಿ ಮಾಸ್ಟರ್ ಕತ್ತರಿಸುವ ಹಿಂದಿನ ಕೋಣೆಯ ಕಿಟಕಿಗೆ ಮಧ್ಯಾಹ್ನದ ಬಿಸಿಲು ಹೊಡೆಯುತ್ತದೆಂದು ಅದಕ್ಕೊಂದು ಪರದೆ ಹಾಕಿಸಿದಳು. ಅದನ್ನು ಹೊಲಿದವಳೂ ಅವಳೇ, ಅದೂ ಕೈಯಲ್ಲಿ. ಹೊಲಿಯುವವಳು ನಾನು ಯಂತ್ರದ ಮುಂದೆ ಕಲ್ಲುಗುಂಡಿನ ಹಾಗೆ ಕುಳಿತಿರುವಾಗ. ಐವತ್ತು ದಾಟಿದ, ಮದುವೆಯ ಮಾತೆತ್ತಿದವರನ್ನೆಲ್ಲ ಕೌಂಟರಿನಿಂದಲೇ ಸಾಗಹಾಕಿದ ನನ್ನ ಅಕ್ಕ, ಒಂದು ಹಳದಿ ಬಟ್ಟೆಗೆ ಸೂಜಿ ಚುಚ್ಚುತ್ತ ತನ್ನಷ್ಟಕ್ಕೆ ನಗುತ್ತಿದ್ದಳು. ಇನ್ನೇನು ಸಾಕ್ಷಿ ಬೇಕು?

ಹೀಗಿರುವಾಗ ಮಾಸ್ಟರ್ ಕಣ್ಣು ಕೈಕೊಟ್ಟಿತು. ದೂರದ್ದೂ ದೊಡ್ಡದೂ ಕಾಣುತ್ತಿತ್ತು, ಚೀಟಿಯಲ್ಲಿನ ಸಣ್ಣ ಅಂಕಿ ಕಾಣುತ್ತಿರಲಿಲ್ಲ. ಕನ್ನಡಕ ಬದಲಿಸಿದರೂ ಪ್ರಯೋಜನವಾಗಲಿಲ್ಲ. ಅಕ್ಕನ ಒಂದನ್ನು ಏಳೆಂದು ಓದಿದರು, ಏಳನ್ನು ಒಂದೆಂದು ಓದಿದರು. ಒಬ್ಬರ ಮನೆಯ ಪರದೆ ಕಿಟಕಿಯ ಅರ್ಧಕ್ಕೇ ನಿಂತು ಎದುರು ಮನೆಯವರಿಗೆಲ್ಲ ಮನರಂಜನೆಯಾಯಿತು. ಮಾರನೆಯ ದಿನ ಮಾಸ್ಟರ್ ಕೌಂಟರಿಗೆ ಬಂದು, "ಮೇಡಂ, ಈ ತಿಂಗಳು ಮುಗಿದ್ಮೇಲೆ ನಾನು ತಮ್ಮನ ಊರಿಗೆ ಹೋಗ್ತೀನಿ. ಇನ್ನು ನನ್ನಿಂದ ನಿಮ್ಮ ಬಟ್ಟೆ ಹಾಳಾಗ್ಬಾರದು" ಎಂದರು.

ಅಕ್ಕ, "ಸರಿ" ಎಂದಳು.

ಸರಿಯಂತೆ. ಬೇಡ, ಹೋಗ್ಬೇಡಿ, ಇಲ್ಲೇ ಇರಿ. ಎಷ್ಟೊಂದು ಮಾತಿದೆ ನಮ್ಮ ಭಾಷೆಯಲ್ಲಿ. ಅವರು ಅತ್ತ ಹೋದ ಮೇಲೆ ನಾನು ಅವಳಿಗೆ ಚೆನ್ನಾಗಿ ಮಂಗಳಾರತಿ ಮಾಡಿದೆ. ಅವಳು ಕೇಳಿಸಿಕೊಂಡು, ಸಂಜೆ ಸೀದಾ ಹೋಗಿ ಡ್ರೈವಿಂಗ್ ಸ್ಕೂಲಿನ ಮಹಡಿಯ ಮೇಲಿರುವ ಕಂಪ್ಯೂಟರ್ ಕ್ಲಾಸಿಗೆ ಸೇರಿದಳು.

ನನಗೆ ತಲೆಬುಡ ಅರ್ಥವಾಗಲಿಲ್ಲ. ಅವಳೇ ಬಿಡಿಸಿ ಹೇಳಿದಳು. "ಚೀಟಿ ಬೇಡ ಕಣೇ. ನಾನು ಇಲ್ಲಿ ಅಳತೆ ಒತ್ತಿದ್ರೆ ಒಳಗೆ ಟೀವಿಲಿ ಅಂಗೈಯಷ್ಟು ದೊಡ್ಡ ಅಂಕಿ ಬರ್ಬೇಕು. ಆಗ ಅವರಿಗೆ ಕಾಣುತ್ತೆ. ಕಂಡ್ರೆ ಹೋಗಲ್ಲ." ಎರಡು ಮಾತು ಹೇಳುವುದನ್ನು ತಪ್ಪಿಸಿಕೊಳ್ಳಲು ಪ್ರೋಗ್ರಾಮಿಂಗ್ ಕಲಿಯಲು ಹೊರಟ ಹೆಂಗಸು ಜಗತ್ತಿನಲ್ಲಿ ಇವಳೊಬ್ಬಳೇ ಇರಬೇಕು.

ಆದರೆ ಕಲಿತಳು ನೋಡಿ. ಮೊದಲ ವಾರ ಮನೆಗೆ ಬಂದು ಲ್ಯಾಪ್‌ಟಾಪ್ ತೆರೆದು ನನ್ನನ್ನು ಕೂರಿಸಿದಳು. ಅದು ಹೆಸರು ಕೇಳಿತು. ನಾನು ಒತ್ತಿದೆ. ನಮಸ್ಕಾರ ಎಂದು ಹೆಸರು ಹಿಡಿದು ಕರೆಯಿತು. ಅಷ್ಟಕ್ಕೇ ಅಕ್ಕ ಹುಡುಗಿಯ ಹಾಗೆ ಕುಣಿದಳು. "ನೋಡಿದ್ಯಾ, ಕೇಳುತ್ತೆ. ನಾವು ಹೇಳೋವರೆಗೂ ಕಾಯುತ್ತೆ. ಹೇಳಿದ್ದನ್ನ ಇಟ್ಕೊಳ್ಳುತ್ತೆ." ಅಡುಗೆಮನೆಯಲ್ಲಿ ಹಾಲು ಉಕ್ಕಿ ಒಲೆಯೆಲ್ಲ ಹರಿಯುತ್ತಿದ್ದರೂ ಇಬ್ಬರೂ ಅದಕ್ಕೆ ಬೇರೆ ಬೇರೆ ಹೆಸರು ಹೇಳಿ ನಮಸ್ಕಾರ ಮಾಡಿಸಿಕೊಳ್ಳುತ್ತಿದ್ದೆವು.

ತಿಂಗಳು ಮುಗಿಯುವ ಮುಂಚೆಯೇ ಅವಳ ಪ್ರೋಗ್ರಾಮು ತಯಾರಾಯಿತು. ಉದ್ದ ಎಷ್ಟು ಎಂದು ಕೇಳುತ್ತದೆ. ಮಡಿಕೆಗೆ ಎಷ್ಟು ಎಂದು ಕೇಳುತ್ತದೆ. ಎರಡನ್ನೂ ಕೂಡಿ ಒಳಕೋಣೆಯ ಟೀವಿಗೆ ಕಳಿಸುತ್ತದೆ. ಕೌಂಟರಿನ ಮೇಲಿನ ಲ್ಯಾಪ್‌ಟಾಪಿನಲ್ಲಿ "ಕಳಿಸಿದೆ" ಎಂದಷ್ಟೇ ಬರುತ್ತದೆ. ರಜೆಯ ದಿನ ಮನೆಯ ಟೀವಿಯನ್ನು ತಂದು ಮಾಸ್ಟರ್ ಮೇಜಿನ ಎದುರಿಗಿಟ್ಟು, ಕಿಂಡಿಯೊಳಗಿಂದ ತಂತಿ ಎಳೆದು ಪರೀಕ್ಷೆ ಮಾಡಿದೆವು. ನಾನು ಒಳಗೆ ನಿಂತೆ. ಅಂಕಿ ದೊಡ್ಡದಾಗಿ ಬರುತ್ತದೋ ಇಲ್ಲವೋ ಎಂಬುದೊಂದೇ ಅವಳ ಚಿಂತೆ. ಉದ್ದಕ್ಕೆ ಅರವತ್ತು ಒತ್ತಿ, ಮಡಿಕೆಯ ಜಾಗ ಖಾಲಿ ಬಿಟ್ಟು ಕಳಿಸಿದಳು. ಟೀವಿಯ ತುಂಬ 60 ಎಂದು ಬಂತು. ಬೀದಿಯಾಚೆಗೂ ಕಾಣುವಷ್ಟು ದಪ್ಪ. ನಾನು ಒಳಗಿಂದಲೇ ಚಪ್ಪಾಳೆ ತಟ್ಟಿದೆ.

ಸೋಮವಾರ ಮೊದಲು ಬಂದವರು ದಂತವೈದ್ಯೆ. ಹೊಸ ಕ್ಲಿನಿಕ್ಕಿನ ಕಿಟಕಿಗೆ ಪರದೆ ಬೇಕು, ಕಾದು ತೆಗೆದುಕೊಂಡೇ ಹೋಗುತ್ತೇನೆ ಎಂದು ಸ್ಟೂಲಿನ ಮೇಲೆ ಕುಳಿತರು. ಅಕ್ಕ ಉದ್ದ ಅರವತ್ತು ಒತ್ತಿದಳು, ಮಡಿಕೆ ಎಂಟು ಒತ್ತಿದಳು. "ಕಳಿಸಿದೆ" ಎಂದಿತು. ಒಳಗೆ ಮಾಸ್ಟರ್ ಗಂಟಲು ಸರಿಮಾಡಿಕೊಂಡದ್ದು ಕೇಳಿಸಿತು. ಬಟ್ಟೆಯ ಥಾನು ಉರುಳುವ ಸದ್ದಾಯಿತು. ಅದು ಉರುಳುತ್ತಲೇ ಇತ್ತು. ಅಕ್ಕ ನನ್ನತ್ತ ನೋಡಿ ಕಣ್ಣರಳಿಸಿದಳು: ಕಾಣ್ತಿದೆ ಅವರಿಗೆ.

ಬಹಳ ಹೊತ್ತಾದ ಮೇಲೆ ಕಿಂಡಿಯಲ್ಲಿ ಬಟ್ಟೆ ಬಂತು. ನಾನು ತುದಿ ಹಿಡಿದು ಎಳೆದೆ. ಎಳೆದೆ. ತೊಡೆಯ ಮೇಲೆ ತುಂಬಿತು, ಯಂತ್ರ ಮುಚ್ಚಿತು, ಕೊನೆ ಸಿಗಲಿಲ್ಲ. ಎದ್ದು ನಿಂತು ಎಳೆದೆ. ಹಿಂದಕ್ಕೆ ಹೆಜ್ಜೆ ಹಾಕುತ್ತ ಎಳೆದೆ. ಷಟರ್ ದಾಟಿದೆ, ಮೆಟ್ಟಿಲು ಇಳಿದೆ, ಬೀದಿಯ ಎದುರಿನ ಸೈಕಲ್ ಅಂಗಡಿಯ ಮುಂದೆ ನಿಂತರೂ ಬಟ್ಟೆ ಬರುತ್ತಲೇ ಇತ್ತು. ಒಬ್ಬ ಸೈಕಲ್ಲಿನವನು ಇಳಿದು, ಬಗ್ಗಿ, ಅದರ ಕೆಳಗೆ ಗಾಡಿ ತಳ್ಳಿಕೊಂಡು ಹೋದ. ದಂತವೈದ್ಯೆ ತೆರೆದ ಬಾಯಿ ತೆರೆದಂತೆಯೇ, "ನಮ್ಮ ಕ್ಲಿನಿಕ್ಕಿಗೆ ಇರೋದು ಒಂದೇ ಕಿಟಕಿ" ಎಂದರು. ನನಗೆ ನಗು ತಡೆಯಲಾಗಲಿಲ್ಲ. ಬೀದಿಯ ನಡುವೆ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕೆ.

ನಕ್ಕವಳು ಮಾಸ್ಟರ್ ಹೊರಗೆ ಬಂದದ್ದನ್ನು ನೋಡಿ ಬಾಯಿ ಮುಚ್ಚಿದೆ. ಅವರು ನನ್ನನ್ನು ನೋಡಿದರು, ಬೀದಿಗಡ್ಡ ಬಿದ್ದಿದ್ದ ಬಟ್ಟೆಯನ್ನು ನೋಡಿದರು, ಅಕ್ಕನನ್ನು ನೋಡಲಿಲ್ಲ. ಕತ್ತರಿಯನ್ನು ಕೌಂಟರಿನ ಮೇಲೆ ಮೆಲ್ಲಗೆ ಇಟ್ಟರು.

"ಅರವತ್ತೆಂಟು ಅಂತ ಇದ್ದಿರ್ಬೇಕು, ನಾನು ಆರುನೂರ ಎಂಟು ಅಂತ ಓದಿದೆ ಮೇಡಂ. ಅಷ್ಟು ದೊಡ್ಡದಾಗಿ ಮಾಡ್ಕೊಟ್ರೂ ತಪ್ಪು ಓದಿದೆ. ಮುಗೀತು ನನ್ನ ಕಣ್ಣು. ನಾಳೆ ಬೆಳಗಿನ ಬಸ್ಸಿಗೇ ಹೊರಡ್ತೀನಿ."

ಟೀವಿಯನ್ನು ಆರಿಸಿಯೇ ಬಂದಿದ್ದರು. ಅದರಲ್ಲಿ ಏನಿತ್ತೆಂದು ನಾವು ಯಾರೂ ನೋಡಿರಲಿಲ್ಲ. ಅವರು ಚಪ್ಪಲಿ ಮೆಟ್ಟಿಕೊಂಡು ಹೋಗಿಬಿಟ್ಟರು. ದಂತವೈದ್ಯೆ ಪಾಪ, ಒಳ್ಳೆಯವರು, ನಾಳಿದ್ದು ಬರುತ್ತೇನೆ ಎಂದು ಎದ್ದರು.

"ನಿನ್ನ ಬಾಯಿಗೆ ಏನಾಗಿದೆ?" ಎಂದು ನಾನು ಕೂಗಾಡಿದೆ. "ಇರಿ ಅನ್ನೋದಕ್ಕೆ ಎಷ್ಟು ಇಂಚು ಬಟ್ಟೆ ಬೇಕು ನಿನಗೆ?" ಅಕ್ಕ ಬಟ್ಟೆಯನ್ನೆಲ್ಲ ಬಾಚಿಕೊಂಡು ಒಳಕೋಣೆಗೆ ಹೋಗಿ, ಅವರ ಮೇಜಿನ ಮೇಲೆ ಹಾಸಿ, ಅವರ ಮೊಳೆಗಳ ಮೇಲೆ ಬೆರಳಿಟ್ಟು ಅಳೆಯತೊಡಗಿದಳು. ಕಣ್ಣೀರು ಸುರಿಯುತ್ತಿತ್ತು, ಅಳತೆ ನಿಲ್ಲಲಿಲ್ಲ. ಎಣಿಸುತ್ತ ಎಣಿಸುತ್ತ ಕೊನೆಯ ಅಂಚಿಗೆ ಬಂದಳು.

"ಸರಿಯಾಗಿ ಆರುನೂರ ಎಂಟು. ಒಂದು ನೂಲೂ ಆಚೀಚೆ ಇಲ್ಲ ಕಣೇ. ಕಣ್ಣು ಹೋದವರು ಕತ್ತರಿಸೋ ಹಾಗಿಲ್ಲ ಇದು." ಮೂಗು ಒರೆಸಿಕೊಂಡು ತನ್ನಷ್ಟಕ್ಕೆ ಗೊಣಗಿದಳು. "ಆರು, ಸೊನ್ನೆ, ಎಂಟು. ಅರವತ್ತು. ಎಂಟು."

ಮರುಗಳಿಗೆಯಲ್ಲಿ ಅವಳು ಕೌಂಟರಿನತ್ತ ಓಡಿದಳು. ನನಗೆ ಟೀವಿ ಹಾಕು ಎಂದಳು. ಹಾಕಿದೆ. ಅವಳು ಅಲ್ಲಿ ಅರವತ್ತು ಒತ್ತಿದಳು, ಎಂಟು ಒತ್ತಿದಳು. ಇಲ್ಲಿ ಟೀವಿಯಲ್ಲಿ ಅಂಗೈಯಷ್ಟು ದೊಡ್ಡ ಅಂಕಿಯಲ್ಲಿ 608 ಎಂದು ಬಂತು.

"ಆರುನೂರ ಎಂಟು ಅಂತ ಬರ್ತಿದೆ ಅಕ್ಕ" ಎಂದೆ.

"ತಪ್ಪು ನಂದು" ಎಂದು ಅಕ್ಕ ಕಿಂಡಿಯಲ್ಲಿ ಮುಖ ತೂರಿಸಿದಳು. ಆ ಮುಖದಲ್ಲಿ ಹಬ್ಬ. "ಲೇ, ತಪ್ಪು ನಂದು ಕಣೇ. ಅವರದ್ದಲ್ಲವೇ ಅಲ್ಲ. ಪೂರಾ ನಂದು." ಒಳಗೆ ಓಡಿ ಬಂದು ನನ್ನನ್ನು ತಬ್ಬಿಕೊಂಡಳು. ಆ ಉದ್ದ ಬಟ್ಟೆ ಕಾಲಿಗೆ ಸುತ್ತಿಕೊಂಡು ಇಬ್ಬರೂ ಧೊಪ್ಪನೆ ಬಿದ್ದೆವು, ಬಿದ್ದಲ್ಲೇ ನಕ್ಕೆವು. ಇಷ್ಟು ಸಂಭ್ರಮದಿಂದ ತಪ್ಪು ಒಪ್ಪಿಕೊಂಡವರನ್ನು ನಾನು ಈ ಜನ್ಮದಲ್ಲಿ ಕಂಡಿಲ್ಲ.

ಕ್ಲಾಸಿನ ಮೇಡಂಗೆ ಫೋನು ಮಾಡಿದಳು. ಆಕೆ ನಕ್ಕು, "ಎಲ್ಲರೂ ಒಂದ್ಸಲ ಈ ಹಳ್ಳಕ್ಕೆ ಬಿದ್ದೇ ಬೀಳ್ತಾರೆ" ಎಂದರು. "ಕೀಬೋರ್ಡಿಂದ ಒಳಗೆ ಬಂದದ್ದೆಲ್ಲ ಅದಕ್ಕೆ ಬರೀ ಅಕ್ಷರ. ಅರವತ್ತು ಅಂದ್ರೆ ಎಷ್ಟು ಅಂತ ಅದಕ್ಕೇನು ಗೊತ್ತು? ಒಂದು ಆರು, ಪಕ್ಕದಲ್ಲೊಂದು ಸೊನ್ನೆ. ಅದಕ್ಕೆ ಎಂಟು ಸೇರಿಸು ಅಂದ್ರಿ, ತಂದು ಪಕ್ಕದಲ್ಲಿ ನಿಲ್ಲಿಸ್ತು. ಇದು ಅಕ್ಷರ ಅಲ್ಲ, ಸಂಖ್ಯೆ ಅಂತ ಮೊದಲು ನೀವು ಬದಲಾಯಿಸಿ ಕೊಡ್ಬೇಕು. ಆಮೇಲೆ ಕೂಡೋಕೆ ಹೇಳಿ."

"ಅಯ್ಯೋ, ಜೀವಮಾನ ಎಲ್ಲ ನಾನು ಮಾಡಿದ್ದು ಅದೇ ಕೆಲ್ಸ ಅಲ್ವಾ" ಎಂದಳು ಅಕ್ಕ. "ಜನ ಹೇಳಿದ್ದನ್ನ ಇಂಚು ಮಾಡೋದು. ಇದೊಂದಕ್ಕೆ ಮಾಡಿಕೊಡೋದು ಮರೆತುಬಿಟ್ಟೆ."

ಅಲ್ಲೇ ಕುಳಿತು ತಿದ್ದಿದಳು. ಅರವತ್ತು, ಎಂಟು, ಟೀವಿಯಲ್ಲಿ 68. ಅಷ್ಟಕ್ಕೆ ಬಿಡಬೇಕಲ್ಲ? ಬಿಡಲಿಲ್ಲ. "ಈಗ ನೀನು ಒತ್ತು. ಬೇಕುಬೇಕಂತ ತಲೆಹರಟೆ ಮಾಡು" ಎಂದು ನನ್ನನ್ನು ಕೂರಿಸಿದಳು. ತಲೆಹರಟೆ ನನಗೆ ಹೇಳಿಕೊಡಬೇಕೇ? ಉದ್ದ ಎಷ್ಟು ಎಂದಿತು. "ಅರವತ್ತಿರಬಹುದು" ಎಂದು ಬರೆದೆ. ಪ್ರೋಗ್ರಾಮು ಕೆಂಪಗೆ ಏನೇನೋ ಕಾರಿಕೊಂಡು ಗೊಟಕ್ ಎಂದಿತು. ಅಕ್ಕ ಮತ್ತೆ ಫೋನು ಮಾಡಿದಳು, ಮತ್ತೆ ತಿದ್ದಿದಳು. ಈಗ ಮಾತು ಬರೆದರೆ ಸಾಯುವುದಿಲ್ಲ. "ದಯವಿಟ್ಟು ಅಂಕಿಯಲ್ಲಿ ಬರೆಯಿರಿ" ಎಂದು ಹೇಳಿ ಅದೇ ಪ್ರಶ್ನೆಯನ್ನು ಮತ್ತೆ ಕೇಳುತ್ತದೆ. ಖಾಲಿ ಬಿಟ್ಟೆ, ಕೇಳಿತು. "ಫ್ರಿಜ್ಜಿನಷ್ಟು" ಎಂದೆ, ಕೇಳಿತು. "ನಿನ್ನ ತಲೆ" ಎಂದೆ, ದಯವಿಟ್ಟು ಎಂದೇ ಕೇಳಿತು. ನನಗಿಂತ ಮರ್ಯಾದಸ್ಥ ಯಂತ್ರ.

"ಸರಿ, ಏಳು. ಬಸ್ಸು ಬೆಳಗ್ಗೆ. ಈಗ್ಲೇ ಹೋಗಿ ತೋರಿಸ್ಬೇಕು" ಎಂದಳು ಅಕ್ಕ. "ಬಟ್ಟೆನೂ ತಗೋ."

ಆ ಮೆರವಣಿಗೆಯನ್ನು ಬೀದಿ ಇನ್ನೂ ಮರೆತಿಲ್ಲ. ಮುಂದೆ ಅಕ್ಕ, ಲ್ಯಾಪ್‌ಟಾಪನ್ನು ಹಾಲು ತುಂಬಿದ ಪಾತ್ರೆಯ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡು. ಹಿಂದೆ ನಾನು, ಐವತ್ತು ಅಡಿಗೂ ಮೀರಿದ ಪರದೆಯನ್ನು ಹೆಗಲಿಗೆ ಹೊತ್ತು, ಉಳಿದದ್ದನ್ನು ಕುತ್ತಿಗೆಗೆ ಸುತ್ತಿಕೊಂಡು. ಮಾಸ್ಟರ್ ಇರುವುದು ಮೂರನೇ ಮಹಡಿಯಲ್ಲಿ. ಮೆಟ್ಟಿಲ ನಡುವೆ ನಾನು ಏದುಸಿರು ಬಿಡುತ್ತ ಕುಳಿತಾಗ ಅಕ್ಕನೂ ಕುಳಿತು ಲ್ಯಾಪ್‌ಟಾಪ್ ತೆರೆದಳು. ಅದರಲ್ಲಿ ಏನನ್ನೋ ಅಳಿಸಿ ಏನನ್ನೋ ಬರೆದಳು. ಏನೆಂದು ಕೇಳಿದರೆ, "ಸುಮ್ನಿರೇ" ಎಂದಳು. ಕಿವಿ ಕೆಂಪಗಾಗಿತ್ತು.

ಮಾಸ್ಟರ್ ಬಾಗಿಲು ತೆರೆದರು. ಒಂದೇ ಕೋಣೆ, ನೆಲದ ಮೇಲೆ ತೆರೆದ ಟ್ರಂಕು, ಅದರೊಳಗೆ ಅಂಚಿಗೆ ಅಂಚು ಕೂಡಿಸಿ ಮಡಿಸಿಟ್ಟ ಅಂಗಿಗಳು. ಊರಿಗೆಲ್ಲ ಪರದೆ ಕತ್ತರಿಸಿದವರ ಕಿಟಕಿಗೆ ಒಂದು ತುಂಡು ಬಟ್ಟೆ ಇರಲಿಲ್ಲ.

ಅಕ್ಕ ಒಳಗೆ ಹೋಗಿ ಲ್ಯಾಪ್‌ಟಾಪನ್ನು ಟ್ರಂಕಿನ ಮುಚ್ಚಳ ಮುಚ್ಚಿ ಅದರ ಮೇಲಿಟ್ಟಳು. ತಿದ್ದುವ ಮುಂಚೆ ಉಳಿಸಿಕೊಂಡಿದ್ದ ಬೆಳಗಿನ ಹಳೆಯ ಪ್ರೋಗ್ರಾಮನ್ನು ತೆರೆದಳು. "ನೋಡಿ ಮಾಸ್ಟರೇ. ಉದ್ದ ಅರವತ್ತು. ಮಡಿಕೆ ಎಂಟು." ಟೀವಿಯ ತಂತಿ ಇಲ್ಲದ್ದರಿಂದ ಅದರ ಸ್ಕ್ರೀನಿನ ತುಂಬವೇ 608 ಎಂದು ನಿಂತಿತು.

ಅವರು ಬಗ್ಗಿ ನೋಡಿದರು. ಹಿಂದೆ ಸರಿದು ನೋಡಿದರು. "ಅಂದ್ರೆ ಬೆಳಗ್ಗೆ ಇದೇ ಬಂದಿತ್ತಾ? ನಾನು ಸರಿಯಾಗೇ ಓದಿದ್ನಾ?"

"ಸರಿಯಾಗೇ ಓದಿದ್ರಿ. ಸರಿಯಾಗೇ ಕತ್ತರಿಸಿದ್ರಿ. ಅಳೆದು ನೋಡ್ದೆ, ಒಂದು ನೂಲೂ ಹೆಚ್ಚಿಲ್ಲ. ತಪ್ಪು ನಂದು. ನಾನು ಅದಕ್ಕೆ ಸಂಖ್ಯೆ ಅಂತ ಹೇಳೋದು ಮರೆತಿದ್ದೆ."

"ಕೇಳೋಣ ಅನ್ಸಿತ್ತು ಮೇಡಂ, ಇಷ್ಟುದ್ದ ಎಂಥ ಕಿಟಕಿ ಅಂತ" ಎಂದರು ಮಾಸ್ಟರ್. "ಆದ್ರೆ ಕೇಳೋದು ನಿಮ್ಮ ಕೆಲಸ ಅಂದಿದ್ರಲ್ಲ." ಹಾಗೆಂದವರೇ ನಗತೊಡಗಿದರು. ಅವರು ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು. ಸದ್ದೇ ಇಲ್ಲದೆ ಭುಜ ಕುಣಿಸುತ್ತ, ಗೋಡೆ ಹಿಡಿದುಕೊಂಡು ನಗುತ್ತಾರೆ. ಅಕ್ಕನೂ ನಕ್ಕಳು. ನಾನು ಬಟ್ಟೆಯ ಸುರುಳಿಯೊಳಗಿಂದ ತಲೆ ಹೊರಗೆ ಹಾಕಿ, ಇನ್ನಾದರೂ ಇವಳು ಹೇಳಬೇಕಾದದ್ದನ್ನು ಹೇಳುತ್ತಾಳೆ ಎಂದು ಕಾದೆ.

ಹೇಳಲಿಲ್ಲ. ಹೊಸ ಪ್ರೋಗ್ರಾಮನ್ನು ತೆರೆದು ಅವರ ಕಡೆ ತಿರುಗಿಸಿದಳು. "ಇದರಲ್ಲಿ ನೀವೇ ಒತ್ತಿ" ಎಂದಷ್ಟೇ ಹೇಳಿ ಬರಿಯ ಕಿಟಕಿಯ ಹತ್ತಿರ ಹೋಗಿ ಬೆನ್ನು ಮಾಡಿ ನಿಂತಳು. ಸ್ಕ್ರೀನಿನ ಮೇಲೆ ಉದ್ದ ಎಷ್ಟು ಎಂಬ ಪ್ರಶ್ನೆ ಇರಲಿಲ್ಲ. ಅಂಗೈಯಷ್ಟು ದೊಡ್ಡ ಅಕ್ಷರದಲ್ಲಿ ಇದ್ದದ್ದು ಬೇರೆ: "ಇನ್ನು ಎಷ್ಟು ತಿಂಗಳು ನಮ್ಮ ಜೊತೆ ಇರುತ್ತೀರಿ?"

ಮಾಸ್ಟರ್ ಅದನ್ನು ಓದಿದರು. ಚೆನ್ನಾಗಿ ಕಾಣುತ್ತಿದ್ದರೂ ಎರಡು ಸಲ ಓದಿದರು. ಟ್ರಂಕಿನ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು, ಒಂದೇ ಬೆರಳಿನಲ್ಲಿ ಅಕ್ಷರ ಹುಡುಕಿ ಹುಡುಕಿ ಒತ್ತಿದರು: ನೀವು ಹೇಳಿದಷ್ಟು.

"ದಯವಿಟ್ಟು ಅಂಕಿಯಲ್ಲಿ ಬರೆಯಿರಿ" ಎಂದಿತು ಪ್ರೋಗ್ರಾಮು.

ಅವರು ಗಾಬರಿಯಾಗಿ ಅಕ್ಕನ ಬೆನ್ನು ನೋಡಿದರು. ಮತ್ತೆ ಒತ್ತಿದರು: ಬೇಡ ಅನ್ನೋವರೆಗೂ.

"ದಯವಿಟ್ಟು ಅಂಕಿಯಲ್ಲಿ ಬರೆಯಿರಿ."

"ಮೇಡಂ, ನೀವು ಒಪ್ತಾ ಇಲ್ವಲ್ಲ" ಎಂದರು ಮಾಸ್ಟರ್.

"ಅದು ನಾನಲ್ಲ" ಎಂದು ಅಕ್ಕ ಗಕ್ಕನೆ ತಿರುಗಿದಳು. ಮುಖವೆಲ್ಲ ರಂಗು. "ಅದು ಪ್ರೋಗ್ರಾಮು. ಅದಕ್ಕೆ ಮಾತು ಬರಲ್ಲ. ನಾನೇ ಹಾಗೆ ಮಾಡಿಟ್ಟಿದೀನಿ. ನಾನು ಒಪ್ಪಿದೀನಿ. ಯಾವಾಗ್ಲೋ ಒಪ್ಪಿದೀನಿ."

ನನ್ನ ಅಕ್ಕ ಅಷ್ಟು ಮಾತನ್ನು ಒಂದು ಅಂಕಿಯೂ ಇಲ್ಲದೆ ಆಡಿದ್ದಳು. ನನಗೆ ಕಣ್ಣಲ್ಲಿ ನೀರು ಬಂತು, ಸಿಟ್ಟೂ ಬಂತು. "ಮಾಸ್ಟರ್, ಯಾವುದಾದ್ರೂ ಒಂದು ನಂಬರು ಹಾಕಿ ಮಾರಾಯ್ರೇ" ಎಂದೆ. "ಈ ಬಟ್ಟೆ ಹೊತ್ತು ನನ್ನ ಹೆಗಲು ಬಿದ್ದುಹೋಗ್ತಿದೆ."

ಮಾಸ್ಟರ್ ನನ್ನ ಹೆಗಲ ಮೇಲಿದ್ದ ಪರದೆಯನ್ನು ನೋಡಿದರು. ಆಮೇಲೆ ಬೆರಳು ಚಾಚಿ, ಮೊಳೆ ಸವರುವಷ್ಟೇ ನಿಧಾನವಾಗಿ, ಆರು ಒತ್ತಿದರು, ಸೊನ್ನೆ ಒತ್ತಿದರು, ಎಂಟು ಒತ್ತಿದರು.

ಆರುನೂರ ಎಂಟು ತಿಂಗಳು. ಐವತ್ತು ವರ್ಷಕ್ಕೂ ಮೇಲಾಯಿತು; ಆಗ ಮಾಸ್ಟರಿಗೆ ನೂರು ದಾಟಿರುತ್ತದೆ. ಪ್ರೋಗ್ರಾಮು ಚಕಾರವೆತ್ತದೆ ಒಪ್ಪಿಕೊಂಡಿತು. ಆದರೆ ಅಕ್ಕ ಮೆಟ್ಟಿಲ ಮೇಲೆ ಕುಳಿತು ಬದಲಿಸಿದ್ದು ಮೊದಲ ಪ್ರಶ್ನೆಯನ್ನು ಮಾತ್ರ. ಎರಡನೆಯದು ಹಾಗೆಯೇ ಉಳಿದುಹೋಗಿತ್ತು. "ಮಡಿಕೆಗೆ ಎಷ್ಟು?" ಎಂದು ಅದು ಕೇಳಿತು.

ಅವರು ಅಕ್ಕನ ಮುಖ ನೋಡಿದರು. ಅಕ್ಕ ಬಂದು ಅವರ ಪಕ್ಕದಲ್ಲಿ ನೆಲದ ಮೇಲೆ ಕುಳಿತು, ಕೈ ಚಾಚಿ ಎಂಟು ಒತ್ತಿದಳು.

ಸ್ಕ್ರೀನಿನ ತುಂಬ 616 ಎಂದು ಬಂತು.

"ಈಗ ಸರಿಯಾಗಿ ಕೂಡುತ್ತೆ" ಎಂದಳು ಅಕ್ಕ.